ಡಿವಿಡಿ ಆಯಿತಲ್ಲ, ಇನ್ನು ಕ್ಯಾಸೆಟ್ ಯಾಕೆ?

ಬೀರುವಿನ ತಳದಲ್ಲೋ ಅಟ್ಟದ ಮೇಲೋ ನಾಲ್ಕಾರು ವಿಎಚ್‌ಎಸ್ ಕ್ಯಾಸೆಟ್‌ಗಳಿರುವ ಮನೆಗಳು ಈಗಲೂ ಕಡಿಮೆಯಿಲ್ಲ. ಮದುವೆ, ನಾಮಕರಣ, ಗೃಹಪ್ರವೇಶ, ಅಜ್ಜನ ಷಷ್ಟ್ಯಬ್ದಿ. ಅವನ್ನು ಡಿಸ್ಕಿಗೆ ಹಾಕಿಸಲು ಹೊರಟವರು ಕೆಲವು ನಂಬಿಕೆಗಳನ್ನೂ ಜೊತೆಗೇ ಕೊಂಡೊಯ್ಯುತ್ತಾರೆ. ಹೆಚ್ಚು ನಷ್ಟ ಮಾಡುವುದನ್ನೇ ಮೊದಲು ನೋಡೋಣ.

‘ಡಿವಿಡಿ ಮಾಡಿಸಿದರೆ ಶಾಶ್ವತ.’

ಅಂಗಡಿಯಲ್ಲಿ ಕೊಳ್ಳುತ್ತಿದ್ದ ಸಿನಿಮಾ ಡಿವಿಡಿ, ಸ್ಟುಡಿಯೊದವರು ಬರೆದು ಕೊಡುವ ಡಿವಿಡಿ, ಎರಡೂ ನೋಡಲು ಒಂದೇ ಥರ. ಒಳಗಿನ ಕಥೆ ಬೇರೆ. ಸಿನಿಮಾದ್ದರಲ್ಲಿ ಮಾಹಿತಿ ಸಣ್ಣ ಗುಳಿಗಳಾಗಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುತ್ತದೆ. ಬರೆದ ಡಿಸ್ಕಿನೊಳಗೆ ಇರುವುದು ತೆಳುವಾದ ಒಂದು ಬಣ್ಣದ ಪದರ; ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ. ಮೇಲೆ ಕಾಗದದ ಲೇಬಲ್ ಅಂಟಿಸಿದರೆ ತಿರುಗುವಾಗ ಡಿಸ್ಕಿನ ಸಮತೋಲ ತಪ್ಪಿ ಇನ್ನೊಂದು ತೊಂದರೆ. ಕಿಟಕಿಯ ಪಕ್ಕ ಇಟ್ಟ ಡಿಸ್ಕು ಕೆಲವೇ ವರ್ಷಗಳಲ್ಲಿ ಓದಲು ಬಾರದಂತಾಗಬಹುದು. ಟೇಪು ಹಾಳಾಗುವಾಗ ಗೆರೆ ಬೀಳುತ್ತದೆ, ಚುಕ್ಕೆ ಬೀಳುತ್ತದೆ, ಆದರೂ ಮುಖ ಕಾಣುತ್ತಿರುತ್ತದೆ. ಡಿಸ್ಕು ಹಾಗಲ್ಲ. ಕೆಟ್ಟರೆ ಪ್ಲೇಯರು ಅದನ್ನು ಗುರುತಿಸುವುದೇ ಇಲ್ಲ.

‘ಆಗಲೇ ಸಿಡಿ ಮಾಡಿಸಿದ್ದೇವೆ, ಕ್ಯಾಸೆಟ್ ಎಸೆಯಬಹುದು.’

ದಯವಿಟ್ಟು ಬೇಡ. ಸುಮಾರು 2000ದ ಆಸುಪಾಸಿನಲ್ಲಿ ನಮ್ಮ ಊರುಗಳಲ್ಲಿ ಮಾಡಿಸಿದ ‘ಸಿಡಿ’ ಹೆಚ್ಚಾಗಿ ವಿಸಿಡಿ. ನಮ್ಮ ಪಾಲ್ ಪದ್ಧತಿಯಲ್ಲಿ ಟಿವಿ ಚಿತ್ರಕ್ಕೆ ಕಾಣುವ ಗೆರೆಗಳು 576. ಅವು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ, ಸೆಕೆಂಡಿಗೆ 50 ಕಂತುಗಳಾಗಿ ಬರುತ್ತವೆ. ವಿಸಿಡಿಯಲ್ಲಿ ಉಳಿಯುವುದು 288 ಗೆರೆ, ಅಂದರೆ ಪ್ರತಿ ಜೋಡಿಯಲ್ಲಿ ಒಂದು ಕಂತು ಮಾತ್ರ. ಇನ್ನರ್ಧ ಕಸದ ಬುಟ್ಟಿಗೆ. ಹಾಗಾಗಿಯೇ ವಿಸಿಡಿಯಲ್ಲಿ ಮದುಮಗಳು ಕೈ ಎತ್ತಿದರೆ ಕೈ ಜರ್ಕು ಹೊಡೆಯುತ್ತದೆ. ಅದೇ ವಿಸಿಡಿಯನ್ನು ಈಗ ಡಿವಿಡಿಗೆ ಹಾಕಿಸಿದರೆ ಹೋದ ಅರ್ಧ ಮರಳಿ ಬಾರದು. ಮೂಲ ಕ್ಯಾಸೆಟ್ ಇದ್ದರೆ ಮಾತ್ರ ಬರುತ್ತದೆ.

ಡಿವಿಡಿಗೂ ಮಿತಿಯಿದೆ. ಸಾಮಾನ್ಯ ಡಿಸ್ಕಿನಲ್ಲಿ ಹಿಡಿಯುವುದು 4.7 ಜಿಬಿ. ಒಂದರಿಂದ ಎರಡು ಗಂಟೆಯ ಚಿತ್ರ ಅದರಲ್ಲಿ ನೆಮ್ಮದಿಯಾಗಿ ಕೂರುತ್ತದೆ. ‘ಎರಡು ಕ್ಯಾಸೆಟ್ ಒಂದೇ ಡಿಸ್ಕಲ್ಲಿ ಮಾಡಿಕೊಡ್ತೀವಿ ಸಾರ್’ ಎಂಬ ಮಾತು ಕೇಳಲು ಅಗ್ಗ. ಮೂರು ಗಂಟೆಯ ಎರಡು ಕ್ಯಾಸೆಟ್ ಅಂದರೆ ಆರು ಗಂಟೆ; ಅದನ್ನು ಹಿಂಡಿ ತುಂಬಿದಾಗ ಮೊದಲು ಕೆಡುವುದು ಚಲನೆ ಹೆಚ್ಚಿರುವ ದೃಶ್ಯ: ಹೋಮದ ಹೊಗೆ, ಅಕ್ಷತೆಯ ಮಳೆ. ಮಾಂಗಲ್ಯಧಾರಣೆಯ ಹೊತ್ತಿಗೇ ಸರಿಯಾಗಿ ಪರದೆ ಚೌಕಚೌಕವಾಗುತ್ತದೆ.

‘ಈಗಿನ ಟೆಕ್ನಾಲಜಿಯಲ್ಲಿ ಎಚ್‌ಡಿ ಮಾಡಬಹುದು.’ ವಿಎಚ್‌ಎಸ್ ಟೇಪು ಅಡ್ಡಲಾಗಿ ತೋರಬಲ್ಲ ವಿವರ ಸುಮಾರು 240 ಗೆರೆಯಷ್ಟೇ. ಚಿತ್ರವನ್ನು ಹಿಗ್ಗಿಸಬಹುದು, ಗಲೀಜು ತೆಗೆಯಬಹುದು. ಕ್ಯಾಮೆರಾ ಹಿಡಿಯದ್ದನ್ನು ಯಾರೂ ತರಲಾರರು. ಕಂಪ್ಯೂಟರು ಊಹಿಸಿ ತುಂಬಿದ ಅಜ್ಜಿಯ ಮುಖದಲ್ಲಿ ಸುಕ್ಕು ಮಾಯವಾಗಿ ಬೇರೆ ಯಾರದೋ ಅಜ್ಜಿ ಕೂತಿರುತ್ತಾರೆ. ನನಗಂತೂ ಮಸುಕಾದ ಅಸಲಿಯೇ ಇರಲಿ.

‘ಚಿತ್ರ ಕುಣಿಯುತ್ತಿದೆ, ಟೇಪು ಹೋಯಿತು.’ ಎಷ್ಟೋ ಸಲ ಹೋಗಿರುವುದು ವಿಸಿಆರ್. ಒಳಗಿನ ಉರುಳೆ ಸೆಕೆಂಡಿಗೆ 25 ಸುತ್ತು ತಿರುಗುತ್ತ, ಟೇಪಿನ ಮೇಲಿನ ಓರೆ ಗೀಟುಗಳನ್ನು ಪುಟ್ಟ ಹೆಡ್‌ಗಳಿಂದ ಓದುತ್ತದೆ. ಹೆಡ್‌ಗೆ ಚೂರು ಧೂಳು ಹಿಡಿದರೂ, ಟ್ರ್ಯಾಕಿಂಗ್ ಕೊಂಚ ಸರಿದರೂ ಪರದೆಯ ತುಂಬ ಚುಕ್ಕೆ. ಟೇಪು ಸತ್ತಿತೆಂದು ತೀರ್ಮಾನಿಸುವ ಮೊದಲು ಇನ್ನೊಂದು ಯಂತ್ರದಲ್ಲಿ ಹಾಕಿಸಿ ನೋಡಿ. ಆದರೆ ಬಹಳ ತಡಮಾಡಬೇಡಿ: ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಈಗ ಓಡುತ್ತಿರುವುದೆಲ್ಲ ಹಳೆಯ ಯಂತ್ರಗಳೇ.

ಒಂದು ವಿಷಯದಲ್ಲಿ ಮಾತ್ರ ‘ಹಾಕಿ ನೋಡೋಣ’ ಅನ್ನಬಾರದು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕ್ಯಾಸೆಟ್‌ಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಕ್ಯಾಸೆಟ್ಟಿನ ಕಿಟಕಿಯಿಂದ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಅಥವಾ ಜೇಡರಬಲೆಯಂಥದ್ದು ಕಂಡರೆ ಅದೇ. ಹಾಗೇ ಓಡಿಸಿದರೆ ಸುತ್ತುಗಳು ಅಂಟಿಕೊಂಡ ಕಡೆ ಟೇಪು ಹರಿಯಬಹುದು. ಬೂಷ್ಟು ಹೆಡ್‌ಗೆ ಮೆತ್ತಿ, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ದಾಟುತ್ತದೆ. ಹಪ್ಪಳದ ಹಾಗೆ ಬಿಸಿಲಿಗೆ ಹರವುವುದೂ ಬೇಡ, ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗೆ ಕಾವು ಏರಿ ಟೇಪು ಸೊಟ್ಟಗಾಗುತ್ತದೆ. ಬೇರೆ ಕ್ಯಾಸೆಟ್‌ಗಳಿಂದ ದೂರವಿಟ್ಟು, ಟೇಪು ಶುಚಿ ಮಾಡಬಲ್ಲವರಿಗೇ ಕೊಡಿ.

ಅಮೆರಿಕದಲ್ಲಿದ್ದ ಮಗ ಕಳಿಸಿದ ಕ್ಯಾಸೆಟ್ ಇಲ್ಲಿ ಕಪ್ಪುಬಿಳುಪಾಗಿ ಉರುಳುತ್ತದೆಯೇ? ಏರ್‌ಪೋರ್ಟಿನ ಎಕ್ಸ್‌ರೇಯನ್ನು ಬಯ್ಯಬೇಡಿ, ಅದರಿಂದ ಮ್ಯಾಗ್ನೆಟಿಕ್ ಟೇಪಿಗೆ ಏನೂ ಆಗದು. ಅಲ್ಲಿಯದು ಎನ್‌ಟಿಎಸ್‌ಸಿ ಪದ್ಧತಿ, ಅಷ್ಟೇ. ಎರಡೂ ಪದ್ಧತಿ ಓದುವ ವಿಸಿಆರ್ ಇರುವ ಸ್ಟುಡಿಯೊ ಹುಡುಕಿ.

ಡಿಸ್ಕು ಬೇಕಿದ್ದರೆ ಮಾಡಿಸಿ, ಜೊತೆಗೆ ಅಷ್ಟಾಗಿ ಹಿಂಡದ ಫೈಲನ್ನೂ ಕೇಳಿ. ಡಿವಿ ರೂಪದಲ್ಲಿ ಗಂಟೆಗೆ ಸುಮಾರು 13 ಜಿಬಿ, ಮೂರು ಗಂಟೆಯ ಕ್ಯಾಸೆಟ್‌ಗೆ 40 ಜಿಬಿ ಆದೀತು. ಹಾರ್ಡ್ ಡಿಸ್ಕ್ ಕೊಟ್ಟು ತುಂಬಿಸಿಕೊಳ್ಳಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಮೂರು ಗಂಟೆಯ ಟೇಪು ಓಡಲು ಮೂರು ಗಂಟೆಯೇ ಬೇಕು. ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಅನ್ನುವವರಿಂದ ದೂರವಿರಿ. ಕ್ಯಾಸೆಟ್ ಕೊಡುವ ಮುಂಚೆ ಲೇಬಲ್ ಅಂಟಿಸುವ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದುಬಿಡಿ. ಅದಿಲ್ಲದ ಕ್ಯಾಸೆಟ್‌ನಲ್ಲಿ ಯಾರು ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಯಂತ್ರ ರೆಕಾರ್ಡ್ ಮಾಡುವುದಿಲ್ಲ.