ಕಾಯಿಲೆಯ ಹೆಸರು ಕಾಯಿಲೆಗಿರಲಿ, ಮನುಷ್ಯನಿಗೆ ಬೇಡ



ಸೋಗಾನೆ ಎಂದೊಡನೆ ಹಿಂದೆ ಹೊರಗಿನ ಹಲವರಿಗೆ ಕೇಂದ್ರ ಕಾರಾಗೃಹ ನೆನಪಾಗುತ್ತಿತ್ತು. 2023ರ ಫೆಬ್ರವರಿ 27ರಂದು ಇಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾದ ಮೇಲೆ ಅದೇ ಹೆಸರು ವಿಮಾನವನ್ನು ನೆನಪಿಗೆ ತರುತ್ತದೆ. ಊರು ಅದೇ, ಮಣ್ಣು ಅದೇ, ಜನರೂ ಅವರೇ. ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಮಾತ್ರ ಬೇರೆಯಾಯಿತು. ಕಾಯಿಲೆಗಳಿಗೆ ನಾವು ಇಡುವ ಹೆಸರುಗಳಿಗೂ ಇಂಥ ಶಕ್ತಿಯಿದೆ. ಅವು ನಮಗೆ ಉಪಕಾರ ಮಾಡಬಲ್ಲವು, ಅಪಕಾರವನ್ನೂ ಮಾಡಬಲ್ಲವು.

ಮೊದಲು ನಮ್ಮ ಬೆಳೆಯನ್ನೇ ನೋಡೋಣ. ಅಡಿಕೆಗೆ ಕೊಳೆರೋಗದ ಭಯವಿದ್ದರೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಭತ್ತಕ್ಕೆ ಬೆಂಕಿ ರೋಗ ಬಂದರೆ ಅದಕ್ಕೆ ಬೇರೆ ಔಷಧಿ. ರೋಗದ ಹೆಸರು ತಿಳಿಯದೆ ಔಷಧಿ ಹೊಡೆದರೆ ಹಣವೂ ಹೋಯಿತು, ಬೆಳೆಯೂ ಹೋಯಿತು. ಆದುದರಿಂದ ಹೆಸರು ಬೇಕು. ಆದರೆ ಕೊಳೆ ಬಂದ ತೋಟವನ್ನು ‘ಕೊಳೆತ ತೋಟ’ ಎಂದು ಕರೆದು ಯಾವ ರೈತನೂ ಕೈಬಿಡುವುದಿಲ್ಲ. ತೋಟಕ್ಕೆ ತೋರುವ ಈ ವಿವೇಕವನ್ನು ಮನುಷ್ಯನ ವಿಷಯದಲ್ಲಿ ನಾವು ಮರೆಯುತ್ತೇವೆ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಎರಡು ನಿದರ್ಶನಗಳಿವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರಿಗೆ ಕಠಿಣವಾದ ಜ್ವರ ಬಂದಿತು. ವೈದ್ಯಶಾಸ್ತ್ರದಲ್ಲಿ ಆ ಜ್ವರಕ್ಕೆ ಕಾಡಿನ ಹೆಸರು ನಿಂತಿತು, ಜನರ ಬಾಯಲ್ಲಿ ‘ಮಂಗನ ಕಾಯಿಲೆ’ ಎಂದಾಯಿತು. ಆದರೆ ಇದನ್ನು ಮನುಷ್ಯನಿಗೆ ತರುವುದು ಉಣುಗು; ಮಂಗವೂ ನಮ್ಮಂತೆ ಅದಕ್ಕೆ ಬಲಿಯಾಗುವ ಪ್ರಾಣಿ. ಹೆಸರನ್ನೇ ನಂಬಿ, ಮಂಗನಿಂದ ದೂರವಿದ್ದರೆ ಸಾಕೆಂದು ತಿಳಿದವನು ತರಗೆಲೆ ತರಲು ಕಾಡಿಗೆ ಹೋಗುವಾಗ ಉಣುಗನ್ನು ಮರೆಯುತ್ತಾನೆ. ಮೈಗೆ ಡೇಪಾ ತೈಲ ಹಚ್ಚುವುದಿಲ್ಲ, ಬಂದೊಡನೆ ಬಿಸಿನೀರು ಸೋಪಿನಿಂದ ಮೈ ತೊಳೆಯುವುದಿಲ್ಲ. ಇನ್ನು ಕೆಲವರು ಜ್ವರ ಬಂದವನ ಮನೆಗೆ ಹೋಗಲೂ ಹೆದರುತ್ತಾರೆ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ.

ಎರಡನೆಯದು ಸಾಗರ ತಾಲ್ಲೂಕಿನ ಹಂದಿಗೋಡಿನದು. 1975ರ ಸುಮಾರಿಗೆ ಅಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ನೋಯುತ್ತಾ ಬಂದು ಕ್ರಮೇಣ ನಡೆಯಲಾಗದಂತೆ ಮಾಡುವ ಕಾಯಿಲೆ ಕಂಡುಬಂದಿತು. ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಗದ್ದೆಯ ಏಡಿಯ ಮೇಲೆ ಮೊದಲು ಅನುಮಾನವಿತ್ತು. ಇದು ವಂಶಪಾರಂಪರ್ಯವಾಗಿ ಬರುವ ಕಾಯಿಲೆ, ಅಂಟುವಂಥದಲ್ಲ ಎಂದು ಮುಂದೆ ಸಂಶೋಧಕರು ಕಂಡುಕೊಂಡರು. ಹೆಸರು ಬಂದುದರಿಂದ ವೈದ್ಯರ ಗಮನ ಅಲ್ಲಿಗೆ ಹರಿಯಿತು, ಅದು ಉಪಕಾರ. ಆದರೆ ಈ ಕಾಯಿಲೆ ಬೇರೆ ತಾಲ್ಲೂಕುಗಳಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇದೆ. ಹೆಸರಿನ ಭಾರವನ್ನು ಹೊತ್ತುದು ಒಂದೇ ಊರು. ಇಂಥ ಕಷ್ಟಗಳನ್ನು ಕಂಡೇ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ಹೊಸ ಕಾಯಿಲೆಗಳಿಗೆ ಊರು, ವ್ಯಕ್ತಿ, ಪ್ರಾಣಿಗಳ ಹೆಸರು ಇಡಬಾರದೆಂದು ಸಲಹೆ ಮಾಡಿತು.

ಊರಿಗೇ ಹೀಗಾದರೆ ಒಬ್ಬ ಮನುಷ್ಯನ ಪಾಡೇನು? ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡವನನ್ನು ನೆನೆಯಿರಿ. ‘ಕುಷ್ಠರೋಗಿ’ ಎಂದು ಕರೆದಾರೆಂಬ ಭಯದಿಂದ ಅವನು ಅದನ್ನು ಅಂಗಿಯೊಳಗೆ ಮುಚ್ಚಿಡುತ್ತಾನೆ. ಒಳಗೇ ನರಗಳು ಕೆಟ್ಟು ಬೆರಳು ಮಡಿಚಿಕೊಳ್ಳುತ್ತದೆ. ಮೊದಲೇ ತೋರಿಸಿದ್ದರೆ 6 ಅಥವಾ 12 ತಿಂಗಳ ಔಷಧಿಯಿಂದ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ, ಗುಣವಾಗುತ್ತಿತ್ತು. ಈ ರೋಗವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿ ಹೇಳಲು ಅವಕಾಶವಿದ್ದ ಮಾತನ್ನು 2019ರಲ್ಲಿ ಕಾನೂನುಗಳಿಂದ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟ ಮಾತನ್ನು ನಾವು ಹಿಡಿದುಕೊಂಡಿರುವುದು ನ್ಯಾಯವಲ್ಲ.

ನಮಗೆ ನಾವೇ ಹೆಸರು ಇಟ್ಟುಕೊಳ್ಳುವುದೂ ಉಂಟು. ಸಕ್ಕರೆ ಕಾಯಿಲೆ ಬಂದ ರೈತರೊಬ್ಬರು “ನಾನು ಶುಗರಿನವನು, ಇನ್ನು ನನ್ನ ಕೈಲಿ ಏನೂ ಆಗದು” ಎಂದು ಜಗುಲಿ ಹಿಡಿದರೆ, ಕಾಯಿಲೆಗೆ ಮದ್ದಾಗಬಹುದಾದ ನಡಿಗೆಯೂ ಕೆಲಸವೂ ನಿಂತುಹೋಗುತ್ತವೆ. “ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗುತ್ತೇನೆ, ಗದ್ದೆಗೂ ಹೋಗುತ್ತೇನೆ” ಎನ್ನುವವರ ಸ್ಥಿತಿಯೇ ಬೇರೆ. ಕಾಯಿಲೆ ಎರಡೂ ಕಡೆ ಒಂದೇ. ಮೊದಲನೆಯವರನ್ನು ಕಾಯಿಲೆ ಆಳುತ್ತದೆ, ಎರಡನೆಯವರು ಕಾಯಿಲೆಯನ್ನು ಆಳುತ್ತಾರೆ.

ಮನಸ್ಸಿನ ಕಾಯಿಲೆಯಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸಾಲ, ಬೆಳೆನಷ್ಟಗಳಿಂದ ನಿದ್ದೆಗೆಟ್ಟು ಮಂಕಾದವನನ್ನು ‘ಹುಚ್ಚ’ ಎಂದು ಒಮ್ಮೆ ಕರೆದರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ. ಅಂಥವರು ಹಗಲಾಗಲಿ ರಾತ್ರಿಯಾಗಲಿ 14416 ಎಂಬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ.

ನಾವು ಮಾಡತಕ್ಕದ್ದು ಇಷ್ಟು:

1. ಕಾಯಿಲೆಯ ಹೆಸರನ್ನು ನಾವೇ ಊಹಿಸಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ ತಿಳಿಯಬೇಕು.

2. ತಿಳಿದ ಮೇಲೆ ಮನೆಯವರಿಂದಲೂ ವೈದ್ಯರಿಂದಲೂ ಮುಚ್ಚಿಡಬಾರದು. ಹೇಳಿದಷ್ಟು ದಿನ ಔಷಧಿ ಬಿಡಬಾರದು.

3. ನೆರೆಯವರನ್ನು ಕಾಯಿಲೆಯ ಹೆಸರಿನಿಂದ ಕರೆಯಬಾರದು. ಮಕ್ಕಳು ಕರೆದರೆ ತಿದ್ದಬೇಕು.

ತಂದೆತಾಯಿ ಪ್ರೀತಿಯಿಂದ ಇಟ್ಟ ಹೆಸರು ಪ್ರತಿಯೊಬ್ಬರಿಗೂ ಇದೆ. ಕಾಯಿಲೆ ಬಂದ ದಿನವೂ ಅದೇ ಹೆಸರಿನಿಂದ ಕರೆಯೋಣ.