ಹೋಗದ ಹಣಮಪ್ಪ ಮರಳಿ ಬಂದಾಗ

'ಹನುಮಾನ್' ಎಂಬ ಹಿಂದಿ ಕಾರ್ಟೂನ್ ಚಿತ್ರ ತೆರೆಗೆ ಬಂದದ್ದು 2005ರ ಅಕ್ಟೋಬರ್ 21ರಂದು. ನಿರ್ದೇಶಕರು ವಿ.ಜಿ. ಸಾಮಂತ್ ಮತ್ತು ಮಿಲಿಂದ್ ಉಕೆ. ಈ ದೇಶದಲ್ಲೇ ಬರೆದು, ಬಣ್ಣ ತುಂಬಿ, ಧ್ವನಿ ಕೊಟ್ಟು ತಯಾರಿಸಿದ ಅನಿಮೇಷನ್ ಚಿತ್ರವನ್ನೂ ಜನ ದುಡ್ಡು ಕೊಟ್ಟು ನೋಡುತ್ತಾರೆ ಎಂಬ ಧೈರ್ಯವನ್ನು ಉದ್ಯಮಕ್ಕೆ ಕೊಟ್ಟದ್ದು ಈ ಚಿತ್ರ. ಎರಡೇ ವರ್ಷದಲ್ಲಿ, 2007ರ ಡಿಸೆಂಬರ್ 28ಕ್ಕೆ, ಅದರ ಮುಂದಿನ ಭಾಗ 'ರಿಟರ್ನ್ ಆಫ್ ಹನುಮಾನ್' ಬಂತು. ಮೊದಲನೆಯದನ್ನು ಎದೆಗೆ ಹಚ್ಚಿಕೊಂಡ ನೋಡುಗರಿಗೆ ಎರಡನೆಯದು ಏಕೆ ಕೈಗೆ ಹತ್ತಲಿಲ್ಲ ಎಂಬುದು ಬರೀ ಸಿನಿಮಾದ ಪ್ರಶ್ನೆಯಲ್ಲ. ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ನಿಂತು ನೋಡಿದರೆ ಅದಕ್ಕೆ ಉತ್ತರ ಊರ ಅಗಸಿಯಲ್ಲೇ ಇದೆ.

ಭೀಮಾ ಮತ್ತು ಕೃಷ್ಣೆ ಹರಿಯುವ ಈ ನಾಡಿನಲ್ಲಿ ಹಣಮಪ್ಪನ ಗುಡಿ ಇಲ್ಲದ ಹಳ್ಳಿ ಹುಡುಕಿದರೂ ಸಿಗುವುದು ಕಷ್ಟ. ಊರೊಳಗೆ ಕಾಲಿಡುವಾಗಲೇ ಎದುರಾಗುವ ದೇವರು ಅವನು. ಮೈತುಂಬ ಸಿಂಧೂರ, ಶನಿವಾರಕ್ಕೆ ಎಕ್ಕೆ ಎಲೆಯ ಹಾರ, ಒಡೆದ ತೆಂಗಿನಕಾಯಿ. ತಾಲೀಮು ಮನೆಯಲ್ಲಿ ಕುಸ್ತಿಯ ಹುಡುಗರು ಮಣ್ಣು ಮುಟ್ಟುವ ಮುಂಚೆ ಕೈಮುಗಿಯುವುದು ಅವನಿಗೇ. ಶಾಲೆಯ ಹಾಜರಿ ಪುಸ್ತಕ ತೆರೆದರೆ ಹಣಮಂತ, ಹಣಮಂತ್ರಾಯ, ಹಣಮವ್ವ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಇಂಥ ಕಡೆ ಹನುಮಂತನ ಪಿಚ್ಚರ್ ಬಂತೆಂದರೆ ಪರದೆಯ ಮೇಲೆ ಹೊಸ ನಾಯಕ ಬಂದಂತಲ್ಲ, ಮನೆಯವನೇ ಬಂದಂತೆ. 2005ರಲ್ಲಿ ಯಾದಗಿರಿ ಇನ್ನೂ ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. ಇಂಥ ಊರುಗಳ ಮಕ್ಕಳಿಗೆ ಈ ಬಗೆಯ ಚಿತ್ರಗಳು ದಕ್ಕುತ್ತಿದ್ದದ್ದು ಚಿತ್ರಮಂದಿರಕ್ಕಿಂತ ಹೆಚ್ಚಾಗಿ ಕೇಬಲ್ ಟಿವಿಯಿಂದ, ಬಾಡಿಗೆ ಸಿಡಿಯಿಂದ. ಹಾಗಾಗಿ ಒಮ್ಮೆ ನೋಡಿ ಬಿಡುವ ಮಾತಿರಲಿಲ್ಲ, ಮತ್ತೆ ಮತ್ತೆ ನೋಡಿ ಬಾಯಿಪಾಠವಾಗುತ್ತಿತ್ತು.

ಮೊದಲ ಚಿತ್ರದ ಗುಟ್ಟು ಸರಳ: ಜನರಿಗೆ ಗೊತ್ತಿದ್ದ ಕಥೆಯನ್ನು ಗೊತ್ತಿದ್ದ ಹಾಗೆಯೇ ಹೇಳಿತು. ಅಂಜನೆಯ ಮಗ ಹುಟ್ಟುತ್ತಾನೆ, ಸೂರ್ಯನನ್ನು ಹಣ್ಣೆಂದು ತಿಳಿದು ನೆಗೆಯುತ್ತಾನೆ, ತನ್ನ ಶಕ್ತಿಯನ್ನು ತಾನೇ ಮರೆಯುತ್ತಾನೆ, ಕಡಲು ಹಾರುತ್ತಾನೆ, ಲಂಕೆ ಸುಡುತ್ತಾನೆ. ದೂರದರ್ಶನದ 'ಮಹಾಭಾರತ'ದಲ್ಲಿ ಭೀಷ್ಮನಾಗಿದ್ದ ಮುಕೇಶ್ ಖನ್ನಾ ಅವರ ಧ್ವನಿ ಚಿತ್ರಕ್ಕೆ ಹಿರಿಯರ ಗಾಂಭೀರ್ಯವನ್ನು ತಂದಿತ್ತು. ದೊಡ್ಡಾಟ ನೋಡಿ ಬೆಳೆದವರಿಗೆ ಈ ಬಗೆ ಹೊಸದಲ್ಲ. ಅಹೋರಾತ್ರಿ ನಡೆಯುವ ಆಟದಲ್ಲಿ ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಯಾರೂ ಕೂರುವುದಿಲ್ಲ. ಗೊತ್ತಿರುವುದು ಈ ರಾತ್ರಿ ಹೇಗೆ ಬರುತ್ತದೆ ಎಂದು ನೋಡಲು ಕೂರುತ್ತಾರೆ. ಹನುಮಂತನ ವೇಷ ರಂಗಕ್ಕೆ ಬರುವಾಗ ತೂಕಡಿಸುತ್ತಿದ್ದ ಮಕ್ಕಳನ್ನು ತಟ್ಟಿ ಎಬ್ಬಿಸುವುದೂ ಅದಕ್ಕೇ.

ಎರಡನೇ ಭಾಗದ ಹೊಣೆ ಬಿದ್ದದ್ದು ಅನುರಾಗ್ ಕಶ್ಯಪ್ ಅವರ ಮೇಲೆ. ಅದೇ 2007ರಲ್ಲಿ ಅವರ 'ಬ್ಲ್ಯಾಕ್ ಫ್ರೈಡೇ' ಮತ್ತು 'ನೋ ಸ್ಮೋಕಿಂಗ್' ತೆರೆಕಂಡಿದ್ದವು. ಮುಂಬೈ ಸ್ಫೋಟಗಳ ಚಿತ್ರ ಮಾಡಿದವರ ಕೈಗೆ ಮಕ್ಕಳ ಹನುಮಂತ ಸಿಕ್ಕದ್ದು ಆ ಕಾಲದ ಒಂದು ಸೋಜಿಗ. ಅನಿಮೇಷನ್ ಮಾಡಿದ್ದು ತಿರುವನಂತಪುರದ ಟೂನ್ಜ್ ಸಂಸ್ಥೆ. ಕಥೆ ಪೂರ್ತಿ ಹೊಸದು: ಸ್ವರ್ಗದಲ್ಲಿರುವ ಹನುಮಂತ ಭೂಮಿಗೆ ಬರಬೇಕೆಂದು ಹಟ ಹಿಡಿಯುತ್ತಾನೆ, ಬ್ರಹ್ಮನೊಂದಿಗೆ ಕರಾರಾಗುತ್ತದೆ, ಬಜರಂಗಪುರವೆಂಬ ಈ ಕಾಲದ ಹಳ್ಳಿಯಲ್ಲಿ ಮಾರುತಿ ಎಂಬ ಹುಡುಗನಾಗಿ ಹುಟ್ಟುತ್ತಾನೆ, ಶಾಲೆಗೆ ಹೋಗುತ್ತಾನೆ, ಬಲಿಷ್ಠ ಹುಡುಗರಿಂದ ಪೆಟ್ಟು ತಿನ್ನುವ ಗೆಳೆಯನ ಬೆನ್ನಿಗೆ ನಿಲ್ಲುತ್ತಾನೆ. ಚಿತ್ರದಲ್ಲಿ ನಗೆಯಿದೆ, ಚುರುಕಿದೆ. ಬಿಡಿಯಾಗಿ ನೋಡಿದರೆ ಇದನ್ನು ಕಳಪೆ ಚಿತ್ರ ಎನ್ನಲಾಗದು. ಸಿನಿಮಾ ಬಲ್ಲ ದೊಡ್ಡವರಿಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ಜಾಣ ಚಿತ್ರವಾಗಿ ಕಂಡರೂ ಆಶ್ಚರ್ಯವಿಲ್ಲ.

ತೊಡಕು ಹೆಸರಿನಲ್ಲೇ ಇದೆ. ಮರಳಿ ಬರಬೇಕಾದರೆ ಮೊದಲು ಹೋಗಿರಬೇಕು. ಹನುಮಂತ ಚಿರಂಜೀವಿ. ರಾಮ ನಿಜಧಾಮಕ್ಕೆ ಹೋದರೂ ಅವನು ಹೋಗಲಿಲ್ಲ ಎಂಬುದೇ ಅವನ ಕಥೆಯ ತಿರುಳು. ರಾಮಾಯಣ ಪಾರಾಯಣ ನಡೆಯುವಲ್ಲಿ ಅವನಿಗೆಂದು ಒಂದು ಮಣೆ ಹಾಕಿಡುವ ರೂಢಿ ಬಂದದ್ದು ಆ ನಂಬಿಕೆಯಿಂದ. ಹೋಗದವನನ್ನು ಸ್ವರ್ಗಕ್ಕೆ ಕಳಿಸಿ, ಕರಾರು ಬರೆಸಿ, ಮತ್ತೆ ಹುಟ್ಟಿಸಿದರೆ ಅಭಿಮಾನಿಯ ಲೆಕ್ಕ ತಪ್ಪುತ್ತದೆ. ಅಗಸಿಯ ಕಲ್ಲಿನಲ್ಲಿ ಅವನನ್ನು ದಿನಾ ನೋಡುವ ಮಗುವಿಗೆ ಈ ಮಾರುತಿ ಒಳ್ಳೆಯ ಹುಡುಗ, ಆದರೆ ಹಣಮಪ್ಪ ಅಲ್ಲ. ಅಭಿಮಾನಿಯ ನಿರಾಸೆ ಎಂದು ಹಗುರಾಗಿ ಹೇಳುವ ಮಾತಿನ ಅಡಿಯಲ್ಲಿ ಬಹಳ ಸಲ ಇರುವುದು ಇದೇ. ಹೊಸ ಕಥೆಯನ್ನು ಜನ ಸಹಿಸುತ್ತಾರೆ, ಪಾತ್ರದ ಗುಣ ಕದಲಿದರೆ ಸಹಿಸುವುದಿಲ್ಲ.

ಹಾಗೆಂದು ಹನುಮಂತನ ಕಥೆಗೆ ಮುಂದಿನ ಭಾಗವೇ ಒಗ್ಗದು ಎನ್ನುವಂತಿಲ್ಲ. ಬಹಳ ಹಿಂದೆಯೇ ಅಂಥದೊಂದು ಹುಟ್ಟಿದೆ, ಅದೂ ಇನ್ನೊಂದು ಮಹಾಕಾವ್ಯದೊಳಗೆ. ದ್ರೌಪದಿಗಾಗಿ ಸೌಗಂಧಿಕಾ ಹೂವು ತರಲು ಹೊರಟ ಭೀಮನ ದಾರಿಗೆ ಒಂದು ಮುದಿ ಕೋತಿ ಅಡ್ಡ ಮಲಗಿರುತ್ತದೆ. ಬಾಲ ಸರಿಸಿ ಹೋಗೆನ್ನುತ್ತದೆ. ಭೀಮನ ತೋಳಬಲವೆಲ್ಲ ಸೇರಿದರೂ ಬಾಲ ಅಲುಗುವುದಿಲ್ಲ. ಆಮೇಲೆ ತಿಳಿಯುತ್ತದೆ, ಇಬ್ಬರೂ ವಾಯುವಿನ ಮಕ್ಕಳು, ಅಣ್ಣತಮ್ಮಂದಿರು. ಕುಮಾರವ್ಯಾಸನ ಅರಣ್ಯಪರ್ವದ ಮೂಲಕ ಕನ್ನಡಿಗರಿಗೆ ಇದು ಮನೆಮಾತು. ಇಲ್ಲಿ ಯುಗ ಬದಲಾಗಿದೆ, ಹನುಮಂತನಿಗೆ ವಯಸ್ಸಾಗಿದೆ, ಯುದ್ಧ ಮಾಡುವ ಉಮೇದು ಇಲ್ಲ. ಗುಣ ಮಾತ್ರ ಅದೇ: ಬಲವನ್ನು ಮುಚ್ಚಿಟ್ಟುಕೊಳ್ಳುವ ವಿನಯ. ಮುಂದೆ ಅರ್ಜುನನ ಧ್ವಜದಲ್ಲಿ ಕೂತು ಅವನು ಕುರುಕ್ಷೇತ್ರವನ್ನೂ ಕಾಣುತ್ತಾನೆ. ಮಾಧ್ವರು ಇದನ್ನೇ ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದು ಹನುಮ, ಭೀಮ, ಮಧ್ವ ಎಂದು ವಾಯುವಿನ ಮೂರು ಅವತಾರಗಳ ಸರಣಿ ಕಟ್ಟಿದರು. ಯಾವ ಚಿತ್ರತಯಾರಕರಿಗೂ ಸಿಗದಷ್ಟು ಕಾಲ ಈ ಕಥೆಗಾರರಿಗೆ ಇತ್ತು ಎಂಬುದನ್ನು ಒಪ್ಪಬೇಕು.

ಚಿತ್ರತಯಾರಕರ ಕಷ್ಟ ಲೆಕ್ಕದಲ್ಲೂ ಕಾಣುತ್ತದೆ. ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿ ಉಳಿತಾಯ ಮಾಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. 100 ನಿಮಿಷಕ್ಕೆ ಅದು 72,000 ಚಿತ್ರವಾಗುತ್ತದೆ, ಹಿನ್ನೆಲೆಗಳು ಬೇರೆ. ಇಷ್ಟು ಖರ್ಚಿನ ಕೆಲಸಕ್ಕೆ ಯಾರೂ ಕೇಳದ ಹೊಸ ನಾಯಕನನ್ನು ನಂಬುವುದಕ್ಕಿಂತ ಒಮ್ಮೆ ಗೆದ್ದ ಮುಖವನ್ನೇ ಮತ್ತೆ ತರುವುದು ಕ್ಷೇಮ. ಗೆದ್ದ ಬಿಸಿ ಆರುವ ಮುಂಚೆ ತರಬೇಕೆಂಬ ಅವಸರವೂ ಸೇರಿಕೊಳ್ಳುತ್ತದೆ, ಕೆಲಸ ಬೇರೆ ತಂಡಕ್ಕೆ ಹೋಗುತ್ತದೆ. ಡಿಸ್ನಿಯಂಥ ಸಂಸ್ಥೆಗೂ ಇದು ತಪ್ಪಿದ್ದಲ್ಲ. 'ಅಲಾದ್ದೀನ್' ಚಿತ್ರದ ಮುಂದಿನ ಭಾಗವನ್ನು 1994ರಲ್ಲಿ ಚಿತ್ರಮಂದಿರಕ್ಕೆ ಕಳಿಸದೆ ನೇರ ವಿಡಿಯೊ ಕ್ಯಾಸೆಟ್ ಮಾಡಿ ಮಾರಿತು. ಮೊದಲ ಚಿತ್ರದಲ್ಲಿ ಜೀನಿ ಪಾತ್ರಕ್ಕೆ ಧ್ವನಿಯಿಂದ ಜೀವ ತುಂಬಿದ್ದ ರಾಬಿನ್ ವಿಲಿಯಮ್ಸ್ ಅದರಲ್ಲಿರಲಿಲ್ಲ. ಇದಕ್ಕೆ ಎದುರಾದ ಉದಾಹರಣೆಯೂ ಇದೆ. 'ಟಾಯ್ ಸ್ಟೋರಿ 2' ಕೂಡ ಮೊದಲು ವಿಡಿಯೊಗೆಂದೇ ಹೊರಟ ಚಿತ್ರ. ಪಿಕ್ಸಾರ್ ಅದನ್ನು ಬಿಚ್ಚಿ ಮತ್ತೆ ಕಟ್ಟಿ 1999ರಲ್ಲಿ ತೆರೆಗೆ ತಂದಿತು. ಮೊದಲನೆಯದಕ್ಕೆ ಸರಿಸಾಟಿ ಎಂದು ಅದನ್ನು ಇಂದಿಗೂ ಹೇಳುತ್ತಾರೆ.

ನಿರಾಸೆಯ ಇನ್ನೊಂದು ಬಗೆ ಹೈದರಾಬಾದಿನಿಂದ ಬಂತು. 1956ರವರೆಗೆ ಯಾದಗಿರಿ ಸೀಮೆ ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ರೈಲು, ವ್ಯಾಪಾರ, ಮಾತಿನ ನಂಟು ಈಗಲೂ ಇದೆ. ಅಲ್ಲಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕಾ ಅವರ 'ಛೋಟಾ ಭೀಮ್' 2008ರಲ್ಲಿ ಪೋಗೋ ವಾಹಿನಿಯಲ್ಲಿ ಶುರುವಾಯಿತು. ಲಡ್ಡು ತಿಂದು ಬಲ ಬರುವ ಢೋಲಕ್‌ಪುರದ ಹುಡುಗನ ಮೊದಲ ದೊಡ್ಡ ಪರದೆಯ ಚಿತ್ರ 'ಕರ್ಸ್ ಆಫ್ ದಮ್ಯಾನ್' 2012ರಲ್ಲಿ ಬಂತು. ಮುಂದಿನವುಗಳಲ್ಲಿ ಅವನು ಬಾಲಿಗೆ ಹೋದ, ಹಿಮಾಲಯಕ್ಕೆ ಹೋದ, 2019ರಲ್ಲಿ ಚೀನಕ್ಕೂ ಹೋಗಿ ಕುಂಗ್‌ಫು ಆಡಿದ. ಊರು ಬದಲಾಯಿತು, ಕಥೆಯ ಜಾಡು ಬದಲಾಗಲಿಲ್ಲ. 2024ರಲ್ಲಿ ಅದೇ ದಮ್ಯಾನನ ಕಥೆಯನ್ನು ಬಣ್ಣದ ಗೆರೆಗಳನ್ನು ಬಿಟ್ಟು, ಅನುಪಮ್ ಖೇರ್ ಮುಂತಾದ ನಟರನ್ನಿಟ್ಟುಕೊಂಡು ಮತ್ತೆ ತೆಗೆದರು. ಹನುಮಂತನ ಎರಡನೇ ಭಾಗದಲ್ಲಿ ಎಲ್ಲವೂ ಬದಲಾಗಿತ್ತು, ಇಲ್ಲಿ ಏನೂ ಬದಲಾಗಲಿಲ್ಲ. 2008ರಲ್ಲಿ 6 ವರ್ಷದ ಮಗು 2024ಕ್ಕೆ 22ರ ಪದವೀಧರ. ಭೀಮ ಮಾತ್ರ ಅಂದಿನ ವಯಸ್ಸಿನಲ್ಲೇ ನಿಂತಿದ್ದಾನೆ. ಇಂಥ ಕಡೆ ದೂರು ಚಿತ್ರದ ಮೇಲೋ, ಕಳೆದುಹೋದ ತನ್ನ ಬಾಲ್ಯದ ಮೇಲೋ ಎಂದು ಅಭಿಮಾನಿಗೇ ಸ್ಪಷ್ಟವಿರುವುದಿಲ್ಲ.

ಕನ್ನಡದ ಮಕ್ಕಳಿಗೆ ಇದೆಲ್ಲ ಪರಭಾಷೆಯಲ್ಲಿ ಬಂತೆಂಬುದು ಬೇರೆಯೇ ಕಥೆ. ಕನ್ನಡ ಚಿತ್ರೋದ್ಯಮ 1960ರ ದಶಕದಿಂದ ಡಬ್ಬಿಂಗ್ ಚಿತ್ರಗಳನ್ನು ದೂರವಿಟ್ಟಿತ್ತು. ಕಾನೂನಿನಲ್ಲಿ ಇಲ್ಲದ ಈ ನಿಷೇಧ ರೂಢಿಯಲ್ಲಿ ಗಟ್ಟಿಯಾಗಿತ್ತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಕಾರ್ಟೂನುಗಳಿಗೆ ಕನ್ನಡ ಮಾತು ಕೊಟ್ಟು ಸಣ್ಣ ಕಿಂಡಿ ತೆರೆಯಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶಿಸಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿದ ಮೇಲೆ ಬಾಗಿಲು ತೆರೆಯಿತು. ಅಷ್ಟರೊಳಗೆ ಈ ಸೀಮೆಯ ಮಕ್ಕಳು ಟಿವಿಯ ಹನುಮಂತನನ್ನು ಹಿಂದಿಯಲ್ಲಿ, ಗುರುಮಠಕಲ್ಲಿನ ಕಡೆಯವರು ಬಹಳಷ್ಟನ್ನು ತೆಲುಗಿನಲ್ಲಿ ಕೇಳಿ ಬೆಳೆದಿದ್ದರು. ಗುಡಿಯ ಹಣಮಪ್ಪ ಕನ್ನಡದವನು, ಟಿವಿಯವನು ಹಿಂದಿಯವನು ಎಂಬ ಈ ಒಡಕು ಎರಡನೇ ಭಾಗದ ಮಾರುತಿಯನ್ನು ಇನ್ನಷ್ಟು ಪರಕೀಯನನ್ನಾಗಿಸಿತು ಎಂದರೆ ಉತ್ಪ್ರೇಕ್ಷೆಯಾಗದು.

2025ರ ಜುಲೈ 25ರಂದು ತೆರೆಕಂಡ 'ಮಹಾವತಾರ ನರಸಿಂಹ'ದ ಹೊತ್ತಿಗೆ ಸ್ಥಿತಿ ತಿರುಗಿತ್ತು. ಅಶ್ವಿನ್ ಕುಮಾರ್ ನಿರ್ದೇಶನದ ಈ ಅನಿಮೇಷನ್ ಚಿತ್ರವನ್ನು ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿತು. ಹಿಂದಿ, ತೆಲುಗುಗಳ ಜೊತೆ ಕನ್ನಡದಲ್ಲೂ ಅದು ಬಂತು, ಗಳಿಕೆ 300 ಕೋಟಿ ರೂಪಾಯಿ ದಾಟಿತು. ಪ್ರಹ್ಲಾದನ ಕಥೆಯನ್ನು ಅದು ತಿರುಚಲಿಲ್ಲ. 2005ರ 'ಹನುಮಾನ್' ಗೆದ್ದ ದಾರಿಯೂ ಅದೇ. ಮುಂದಿನ ಭಾಗಗಳ ಪಟ್ಟಿಯನ್ನು ಮೊದಲ ಚಿತ್ರ ತೆರೆಗೆ ಬರುವ ಮುಂಚೆಯೇ ಪ್ರಕಟಿಸಿದ್ದು ಹೊಸತು: ಎರಡು ವರ್ಷಕ್ಕೊಂದರಂತೆ 2037ರವರೆಗೆ ಒಟ್ಟು ಏಳು ಚಿತ್ರಗಳು. ಒಬ್ಬನೇ ನಾಯಕನನ್ನು ಎಳೆಯುವ ಬದಲು ಬೇರೆ ಬೇರೆ ಅವತಾರಗಳನ್ನು ಇಟ್ಟುಕೊಂಡದ್ದರಿಂದ ಮುಗಿದ ಕಥೆಯನ್ನು ಮತ್ತೆ ಎಬ್ಬಿಸುವ ಕಷ್ಟ ಇದಕ್ಕಿಲ್ಲ. ಎರಡು ವರ್ಷದ ಅವಸರ ಮಾತ್ರ 'ರಿಟರ್ನ್ ಆಫ್ ಹನುಮಾನ್' ಕಾಲದ್ದೇ. ಪ್ರಕಟಿಸಿದ ಪಟ್ಟಿಯಂತೆ 2027ರ ಸರದಿ ಪರಶುರಾಮನದು. ಪುರಾಣದ ಪ್ರಕಾರ ಅವನೂ ಚಿರಂಜೀವಿಯೇ.