ಬಿಳಿ ಎಕ್ಕ, ನೇರಳೆ ಎಕ್ಕ ಮತ್ತು ದೇವರ ಪರಿಪಾಲನೆ

ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಹೊರ್ತಿ ಮತ್ತು ಅದರ ಸುತ್ತಣ ಬಯಲುಸೀಮೆಯಲ್ಲಿ ಎಕ್ಕದ ಗಿಡವನ್ನು ಅರಿಯದವರಿಲ್ಲ. ಬಿತ್ತುವವರಿಲ್ಲದೆ, ನೀರೆರೆಯುವವರಿಲ್ಲದೆ ದಾರಿಯ ಬದಿಯಲ್ಲಿ ಬೆಳೆಯುವ ಈ ಗಿಡದ ಹೂವು ಸಾಮಾನ್ಯವಾಗಿ ತಿಳಿನೇರಳೆ. ಅಪರೂಪಕ್ಕೆ ಒಂದು ಗಿಡ ಅಚ್ಚಬಿಳಿಯ ಹೂ ಬಿಡುತ್ತದೆ. ಜನರು ಬಿಳಿ ಎಕ್ಕವನ್ನು ಪೂಜ್ಯವೆಂದು ಭಾವಿಸುತ್ತಾರೆ. ಒಂದೇ ಜಾತಿಯ ಗಿಡ, ಒಂದೇ ಮಣ್ಣು, ಒಂದೇ ಮಳೆ, ಬಣ್ಣವೇಕೆ ಬೇರೆ? ಸೃಷ್ಟಿಯನ್ನು ಕುರಿತು ಪ್ರಬೋಧಿಸುವ ನಾವು ಈ ಪ್ರಶ್ನೆಗೆ ಅವಸರದ ಉತ್ತರ ಕೊಡಲಾಗದು.

ಹೂವುಗಳ ಕೆಂಪು, ನೇರಳೆ, ನೀಲಿ ಬಣ್ಣಗಳಿಗೆ ಬಹುಮಟ್ಟಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು ಕಾರಣ. ಜೀವಕೋಶವು ಇವನ್ನು ಹಲವು ಹಂತಗಳಲ್ಲಿ ತಯಾರಿಸುತ್ತದೆ. ಆ ಹಂತಗಳನ್ನು ವಂಶವಾಹಿಗಳು ನಿಯಂತ್ರಿಸುತ್ತವೆ. ಅವುಗಳಲ್ಲೊಂದು ಆಕಸ್ಮಿಕವಾಗಿ ಮಾರ್ಪಟ್ಟು ತಯಾರಿಕೆ ನಿಂತರೆ ಹೂವು ಬೆಳ್ಳಗಾಗಬಹುದು. ಇಂಥ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಸಾಗುವ ಕ್ರಮವನ್ನು ಮೊದಲು ಕಂಡವರು ಬ್ರುನೋ ನಗರದ ಅಗಸ್ಟೀನಿಯನ್ ಗುರು ಗ್ರೆಗರ್ ಮೆಂಡೆಲ್. ಅವರು ನೇರಳೆ ಮತ್ತು ಬಿಳಿ ಹೂವಿನ ಬಟಾಣಿಗಳನ್ನು ಸಂಕರಗೊಳಿಸಿದಾಗ ಮೊದಲ ತಲೆಮಾರಿನಲ್ಲಿ ಬಿಳಿ ಕಾಣಲಿಲ್ಲ. ಎರಡನೆಯ ತಲೆಮಾರಿನ 929 ಗಿಡಗಳಲ್ಲಿ 705 ನೇರಳೆ, 224 ಬಿಳಿ ಹೂ ಬಿಟ್ಟವು. ಮರೆಯಾದದ್ದು ಅಳಿದಿರಲಿಲ್ಲ. 1866ರಲ್ಲಿ ಪ್ರಕಟವಾದ ಈ ಪ್ರಯೋಗದ ಮಹತ್ವವನ್ನು ವಿದ್ವಜ್ಜಗತ್ತು ಗುರುತಿಸಿದ್ದು 1900ರಲ್ಲಿ, ಅವರು ತೀರಿಕೊಂಡು ಹದಿನಾರು ವರ್ಷಗಳ ಬಳಿಕ.

ಇಲ್ಲಿ ಎರಡು ತಪ್ಪುದಾರಿಗಳಿವೆ. ವಂಶವಾಹಿಯ ಮಾತನ್ನೇ ಬದಿಗೊತ್ತಿ, ದೇವರು ಪ್ರತಿಯೊಂದು ಎಸಳಿಗೂ ನೇರವಾಗಿ ಬಣ್ಣ ಬಳಿದರೆನ್ನುವುದು ಒಂದು. ಆಕಸ್ಮಿಕವಾದುದರಲ್ಲಿ ದೇವರಿಗೆ ಸ್ಥಾನವಿಲ್ಲವೆನ್ನುವುದು ಇನ್ನೊಂದು. ಇವೆರಡೂ ದೇವರನ್ನು ಇತರ ಕಾರಣಗಳ ಸಾಲಿನಲ್ಲಿ ಮತ್ತೊಂದು ಕಾರಣವಾಗಿ ನಿಲ್ಲಿಸುತ್ತವೆ. ಸಂತ ಥಾಮಸ್ ಅಕ್ವಿನಾಸರು ಈ ಗೊಂದಲವನ್ನು ಬಿಡಿಸಿದ್ದಾರೆ: ಆದಿಕಾರಣರಾದ ದೇವರು ಸೃಷ್ಟಿವಸ್ತುಗಳಿಗೂ ಕಾರಣವಾಗುವ ಘನತೆಯನ್ನು ದಯಪಾಲಿಸುತ್ತಾರೆ, ಅವರ ಪರಿಪಾಲನೆ ಆಕಸ್ಮಿಕವನ್ನು ಅಳಿಸುವುದಿಲ್ಲ. ದೇವರ ಒಳಿತನ್ನು ಯಾವ ಒಂದು ಸೃಷ್ಟಿಯೂ ತಾನೊಂದೇ ಪೂರ್ಣವಾಗಿ ತೋರಲಾರದಾದ್ದರಿಂದ ಸೃಷ್ಟಿ ಬಹುವಿಧವಾಗಿದೆ ಎಂದೂ ಅವರು ಬೋಧಿಸಿದರು. ಈ ಬೋಧನೆಯನ್ನು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಸ್ಮರಿಸಿದ್ದಾರೆ.

ಆದಕಾರಣ ಬಿಳಿ ಎಕ್ಕವು ನೇರಳೆ ಎಕ್ಕಕ್ಕಿಂತ ಪವಿತ್ರವಲ್ಲ, ಬಣ್ಣ ಕಳೆದುಕೊಂಡ ಕೀಳು ಹೂವೂ ಅಲ್ಲ. ಬಿಳುಪನ್ನು ಪುಣ್ಯಕ್ಕೂ ಕಪ್ಪನ್ನು ಪಾಪಕ್ಕೂ ಹೋಲಿಸುವ ರೂಢಿ ನಮ್ಮ ಪ್ರಬೋಧನೆಗಳಲ್ಲಿಯೂ ಉಂಟು. ಮೈಬಣ್ಣದ ಕಾರಣಕ್ಕೆ ಹೀಯಾಳಿಕೆ ಉಂಡವರು ಅದನ್ನು ಪೀಠದ ಮುಂದೆಯೇ ಕುಳಿತು ಕೇಳುತ್ತಾರೆಂಬುದನ್ನು ನಾವು ಮರೆಯಬಾರದು. ಮತ್ತಾಯನ ಶುಭಸಂದೇಶದ 6:28ರಲ್ಲಿ ಯೇಸುಸ್ವಾಮಿ ಅಡವಿಯ ಹೂಗಳತ್ತ ಶಿಷ್ಯರ ಗಮನ ಸೆಳೆಯುವಾಗ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದಕ್ಕೆ ಬರಿಯ ನೋಟಕ್ಕಿಂತ ಮಿಗಿಲಾದ, ಚೆನ್ನಾಗಿ ಅರಿತುಕೊಳ್ಳುವ ಅರ್ಥವಿದೆ. ಮೆಂಡೆಲರು ಮಠದ ತೋಟದಲ್ಲಿ ಮಾಡಿದ್ದು ಅದನ್ನೇ. ಹೂವನ್ನು ಸಾದೃಶ್ಯವಾಗಿ ಬಳಸುವ ಮೊದಲು ಅದನ್ನು ಅರಿಯುವುದು ಪ್ರಬೋಧಕನ ಕರ್ತವ್ಯ.